ಏನಾರ ತೆಗೀಬೇಕಾ?

ನನ್ನ ಮದುವೆಯ ಕ್ಯಾಸೆಟ್ಟಿನಲ್ಲಿ ನನ್ನ ಗಂಡ ಮಧುಕರ ಒಂದು ತಾವರೆ ಹೂವಿನ ಒಳಗಿಂದ ಎದ್ದು ಬರುತ್ತಾನೆ. ಬಂದವನು ಗಿರಗಿರನೆ ತಿರುಗಿ, ಎರಡಾಗಿ, ನಾಲ್ಕಾಗಿ, ಕೊನೆಗೆ ಒಂದು ಹೃದಯದ ಚಿತ್ರದೊಳಗೆ ಹೋಗಿ ಕೂರುತ್ತಾನೆ. ಅಲ್ಲಿ ನಾನು ಮೊದಲೇ ಕೂತಿರುತ್ತೇನೆ, ಮೂಗುಬೊಟ್ಟಿನ ನೋವಿಗೆ ಮುಖ ಸಿಂಡರಿಸಿಕೊಂಡು. ತೊಂಬತ್ತೊಂಬತ್ತನೇ ಇಸವಿಯ ಸುತ್ತಮುತ್ತ ಮದ್ದೂರಿನಲ್ಲಿ ಮದುವೆಯಾದ ಮುಕ್ಕಾಲು ಪಾಲು ಜನರ ಕ್ಯಾಸೆಟ್ಟಿನಲ್ಲಿ ಇದೇ ತಾವರೆ ಇದೆ. ಅವನ್ನೆಲ್ಲ ತೆಗೆದವನು ಒಬ್ಬನೇ, ಕೊಪ್ಪದ ಮಾದಯ್ಯನವರ ಮಗ ಶಶಿಧರ್.

ಈಗ ಅವನಿಗೆ ಐವತ್ತು ದಾಟಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳಲ್ಲಿ ಮಕ್ಕಳು ಅವನನ್ನು ‘ಫಿಲಂ ಅಣ್ಣ’ ಅನ್ನುತ್ತಾರೆ. ಸ್ಕೂಟರಿನ ಹಿಂದೆ ಪ್ರೊಜೆಕ್ಟರ್ ಕಟ್ಟಿಕೊಂಡು ಹೋಗಿ, ಕಿಟಕಿಗಳಿಗೆ ಜಮಖಾನ ಹೊದಿಸಿ, ಹನ್ನೊಂದು ನಿಮಿಷದ ಒಂದು ಸಿನಿಮಾ ತೋರಿಸುತ್ತಾನೆ. ಆಮೇಲೆ ಮಕ್ಕಳ ಜೊತೆ ಕೂತು ಮಾತಾಡುತ್ತಾನೆ: ನಿಮ್ಮ ಫೋಟೊ ನಿಮ್ಮದು, ಕೇಳದೆ ಯಾರೂ ಹಾಕುವ ಹಾಗಿಲ್ಲ, ಹಾಕಿದರೆ ತೆಗೆಸುವುದು ಹೇಗೆ, ದೂರು ಎಲ್ಲಿ ಕೊಡುವುದು, ಇನ್ನೊಬ್ಬರು ಮಾಡಿದ ತಪ್ಪಿಗೆ ನಿಮ್ಮ ಫೋನು ಕಿತ್ತುಕೊಂಡರೆ ಮನೆಯಲ್ಲಿ ಏನು ಹೇಳುವುದು. ಅವನನ್ನು ಈ ಕೆಲಸಕ್ಕೆ ತಂದು ನಿಲ್ಲಿಸಿದ್ದು ಯಾವ ಸಂಸ್ಥೆಯೂ ಅಲ್ಲ. ಬೆಸಗರಹಳ್ಳಿಯ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿ.

ಅವನನ್ನು ಏಕವಚನದಲ್ಲಿ ಬರೆಯಲೇ ಎಂದು ಮೊದಲೇ ಕೇಳಿದೆ. ‘ಬರೀರಿ ಮೇಡಂ, ಬಹುವಚನ ಆಕುದ್ರೆ ನಾನು ಸತ್ತೋಗಿವ್ನಿ ಅನ್ಕತಾರೆ ಜನ’ ಎಂದ. ಆ ಹುಡುಗಿಯನ್ನೂ ಅವಳ ಮನೆಯವರನ್ನೂ ಕೇಳಿದ್ದೇನೆ. ಕೇಳದೆ ಬರೆಯುವ ಧೈರ್ಯ ಈಗ ನನಗಿಲ್ಲ.

ಮಾದಯ್ಯನವರು ಕೊಪ್ಪದಲ್ಲಿ ಭತ್ತ, ಕಬ್ಬು ಮಾಡಿಕೊಂಡಿದ್ದವರು. ಮಗ ಪಿಯುಸಿಯಲ್ಲಿ ಇಂಗ್ಲಿಷಿಗೆ ಮೂರು ಸಲ ಡುಮ್ಕಿ ಹೊಡೆದ ಮೇಲೆ ಒಂದು ಜೊತೆ ಎತ್ತು ಮಾರಿ ಕ್ಯಾಮರಾ ಕೊಡಿಸಿದರಂತೆ. ಪೆಟ್ಟಿಗೆ ಬಿಚ್ಚಿದಾಗ ಅದನ್ನು ಸುತ್ತಲೂ ನೋಡಿ, ‘ಇದ್ಕೂ ಉಲ್ಲಾಕ್ಬೇಕೇನ್ಲಾ?’ ಅಂದರಂತೆ. ಹೆಗಲ ಮೇಲೆ ಹೊರುವ ಕ್ಯಾಮರಾ ಅದು. ಜೊತೆಗೆ ಕಣ್ಣು ಕುಕ್ಕುವ ಹ್ಯಾಲೊಜನ್ ದೀಪ, ಛತ್ರದ ತುಂಬ ಎಳೆದಾಡುವ ವೈರು. ಮುದುಕಿಯರು ಸೆರಗು ಅಡ್ಡ ಹಿಡಿದು ಬೈಯುತ್ತಿದ್ದರು. ಅವನು ಬೈಸಿಕೊಂಡೇ ಅವರ ಮುಂದೆ ಮಂಡಿಯೂರಿ ಕೂರುತ್ತಿದ್ದ.

ನಮ್ಮ ಕಡೆ ಮದುವೆಗಳಲ್ಲಿ, ಯಾವ ಜಾತಿಯವರೇ ಆಗಲಿ, ಕೊನೆಗೆ ಹೆಣ್ಣೊಪ್ಪಿಸುವ ಶಾಸ್ತ್ರ ಇರುತ್ತದೆ. ಮದುಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಅತ್ತೆ ಮಾವಂದಿರ ಕೈಗೆ ಇಡುತ್ತಾರೆ. ಅಲ್ಲಿಯವರೆಗೆ ಊಟ ಬಡಿಸು, ಬೀಗರ ಮುನಿಸು ತೀರಿಸು ಎಂದು ಓಡಾಡುತ್ತಿದ್ದವರೆಲ್ಲ ಆ ಗಳಿಗೆಯಲ್ಲಿ ಒಟ್ಟಿಗೇ ಅಳಲು ಶುರು ಮಾಡುತ್ತಾರೆ. ವಿಡಿಯೋದವನ ಕೈಚಳಕ ಗೊತ್ತಾಗುತ್ತಿದ್ದುದು ಅಲ್ಲೇ. ಕ್ಯಾಸೆಟ್ಟು ಬಂತು ಅಂದರೆ ಜನ ಮೊದಲು ಕೇಳುತ್ತಿದ್ದುದು ‘ಅಳು ಬಂದದಾ?’ ಅಂತ. ಅಳು ಸರಿಯಾಗಿ ಬರದ ಕ್ಯಾಸೆಟ್ಟನ್ನು ಬೀಗರಿಗೆ ತೋರಿಸಲು ಮನೆಯವರಿಗೆ ನಾಚಿಕೆ. ಶಶಿಧರ್ ಅಳು ಚೆನ್ನಾಗಿ ಹಿಡಿಯುತ್ತಾನೆ ಎಂಬ ಹೆಸರು ಆತಗೂರಿನಿಂದ ಮಳವಳ್ಳಿಯವರೆಗೆ ಹಬ್ಬಿತ್ತು.

ಆ ಹೆಸರಿಗಿಂತ ನನಗೆ ಹೆಚ್ಚು ನೆನಪಿರುವುದು ಅವನು ಕ್ಯಾಸೆಟ್ಟು ತಂದುಕೊಡುತ್ತಿದ್ದ ರೀತಿ. ಬೇರೆ ಸ್ಟುಡಿಯೋದವರು ಅಂಗಡಿಗೇ ಬಂದು ತೆಗೆದುಕೊಂಡು ಹೋಗಿ ಅನ್ನುತ್ತಿದ್ದರು. ಇವನು ಕ್ಯಾಸೆಟ್ಟು ಓಡಿಸುವ ವಿಸಿಪಿಯನ್ನು ಟವಲಿನಲ್ಲಿ ಸುತ್ತಿ, ಲೂನಾದ ಮುಂದೆ ಇಟ್ಟುಕೊಂಡು, ತಾನೇ ಮನೆಗೆ ಬರುತ್ತಿದ್ದ. ಬಾಗಿಲು ಮುಂದೆ ಮಾಡಿಸಿ ಮೊದಲು ಮನೆಯವರಿಗೆ ಮಾತ್ರ ತೋರಿಸುತ್ತಿದ್ದ. ಮುಗಿದ ಮೇಲೆ ಮನೆಯ ಹಿರಿಯ ಹೆಂಗಸಿನ ಕಡೆ ತಿರುಗಿ, ‘ಏನಾರ ತೆಗೀಬೇಕಾ, ಅವ್ವಾ?’ ಎಂದು ಕೇಳುತ್ತಿದ್ದ. ಏನಾದರೂ ಇದ್ದೇ ಇರುತ್ತಿತ್ತು. ಕುಡಿದು ಬಂದ ಚಿಕ್ಕಪ್ಪ, ಸೆರಗು ಜಾರಿದ ಅತ್ತಿಗೆ, ಮೂರನೇ ಸಲ ಪಾಯಸಕ್ಕೆ ಎಲೆ ತೋರಿಸಿದ ಸಕ್ಕರೆ ಕಾಯಿಲೆಯ ತಾತ. ಅದನ್ನೆಲ್ಲ ಜೇಬಿನ ಡೈರಿಯಲ್ಲಿ ಗುರುತು ಮಾಡಿಕೊಂಡು ಹೋಗಿ, ಕತ್ತರಿಸಿ, ಎರಡು ದಿನ ಬಿಟ್ಟು ಮತ್ತೆ ತರುತ್ತಿದ್ದ. ಆಮೇಲೆ ಬೀದಿಯವರಿಗೆಲ್ಲ ಬಾಗಿಲು ತೆರೆಯುತ್ತಿತ್ತು. ನಡುಮನೆಯಲ್ಲಿ ಚಾಪೆ ಸಾಲದೆ ಹೊಸ್ತಿಲ ಮೇಲೆ, ಕಿಟಕಿಯ ಸರಳಿಗೆ ಜೋತು ಬಿದ್ದು ಜನ ನೋಡುತ್ತಿದ್ದರು. ತನ್ನ ಹತ್ತಿರ ಅವನು ಒಂದು ಚೂರನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಅವನು ಹಾಗೆ ಕೇಳಿದಾಗ ನನ್ನಮ್ಮ ಯೋಚನೆಯನ್ನೇ ಮಾಡಲಿಲ್ಲ. ‘ನಾನು ಅಳೋದನ್ನ ತೆಗೆದುಬಿಡಪ್ಪ’ ಅಂದಳು. ಅಪ್ಪ, ‘ಇರಲಿ ಬಿಡೆ ಶ್ರೀಮತಿ, ಚೆನ್ನಾಗೇ ಬಂದಿದೆ’ ಅಂದರು. ‘ನೋಡೋರಿಗೆ ಚೆನ್ನಾಗಿರತ್ತೆ. ಮುಖ ನಂದು’ ಅಂದಳು ಅಮ್ಮ. ಶಶಿಧರ್ ಡೈರಿಯಲ್ಲಿ ಬರೆದುಕೊಂಡ.

ಎರಡು ಸಾವಿರದ ಇಪ್ಪತ್ತಮೂರರಲ್ಲಿ ಅಮ್ಮ ತೀರಿಕೊಂಡಳು. ಮಾರನೇ ವರ್ಷ ಮಾರ್ಚಿನಲ್ಲಿ ಅಟ್ಟದಿಂದ ಆ ಕ್ಯಾಸೆಟ್ಟು ತೆಗೆದು, ಪೆನ್‌ಡ್ರೈವಿಗೆ ಹಾಕಿಸಲು ಅವನ ಸ್ಟುಡಿಯೋಗೆ ಹೋದೆ. ಆ ಹಳೆಯ ಯಂತ್ರ ಇಟ್ಟುಕೊಂಡಿದ್ದವನು ಸುತ್ತಮುತ್ತ ಅವನೊಬ್ಬನೇ. ಬೂಷ್ಟು ಒರೆಸಿ ಹಾಕಿದ. ತಾವರೆ ಬಂತು, ಮಧುಕರ ಬಂದ, ಅಮ್ಮ ಬಂದಳು. ಆರತಿ ತಟ್ಟೆ ಹಿಡಿದು, ಯಾರನ್ನೋ ಬೈಯುತ್ತ. ಹೆಣ್ಣೊಪ್ಪಿಸುವ ಹೊತ್ತಿಗೆ ಅಪ್ಪ ಇದ್ದರು, ಅತ್ತೆ ಇದ್ದರು, ನಾನಿದ್ದೆ. ಅಮ್ಮನ ಜಾಗದಲ್ಲಿ ಒಂದು ಗುಲಾಬಿ ಹೂವು ಅರಳಿ ಮುಚ್ಚಿಕೊಂಡಿತು.

ತೆಗೆಸಿದ್ದು ಮರೆತೇ ಹೋಗಿತ್ತು, ಅವಳು ಅತ್ತಿದ್ದನ್ನು ನೋಡಬೇಕು ಅಂತಲೇ ನಾನು ಹೋಗಿದ್ದೆ. ಅವಳು ನನಗಾಗಿ ಅತ್ತಿದ್ದು ಜನ್ಮದಲ್ಲಿ ಅದೊಂದೇ ಸಲ. ‘ಒಂದು ಕಾಪಿ ಇಟ್ಕೋಬಾರದಿತ್ತಾ ಶಶಿಧರ್?’ ಎಂದು ಅವನ ಮೇಲೆ ರೇಗಿದೆ. ಅವನು ತಲೆ ತಗ್ಗಿಸಿ, ‘ಅಮ್ಮಾರು ತೆಗಿ ಅಂದ್ರು, ತೆಗ್ದೆ ಮೇಡಂ’ ಎಂದ.

ಮಾತು ಬದಲಾಯಿಸಲು ಕಾಲೇಜಿನ ವಿಷಯ ತೆಗೆದೆ. ನಾನು ಮದ್ದೂರಿನಲ್ಲಿ ಡಿಗ್ರಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುವವಳು. ಆ ವರ್ಷ ಡಿಜಿಟಲ್ ಹಕ್ಕುಗಳ ಬಗ್ಗೆ ಒಂದು ಗಂಟೆ ಪಾಠ ಮಾಡಿ, ಬೋರ್ಡಿನ ತುಂಬ ಬರೆದು, ಮಕ್ಕಳಿಗೆಲ್ಲ ಅರ್ಥವಾಯಿತು ಎಂದುಕೊಂಡು ಬೀಗಿದ್ದೆ. ಅದನ್ನು ದುಂಡು ಅಕ್ಷರದಲ್ಲಿ ಬರೆದುಕೊಂಡಿದ್ದ ಬೆಸಗರಹಳ್ಳಿಯ ದೀಪಿಕ ಮೂರು ವಾರದಿಂದ ಕಾಲೇಜಿಗೆ ಬರುತ್ತಿರಲಿಲ್ಲ. ಅವಳ ಅಕ್ಕ ಶ್ವೇತಳ ಮದುವೆ ಮಳವಳ್ಳಿಯ ಛತ್ರವೊಂದರಲ್ಲಿ ಆಗಿತ್ತು. ಹೆಣ್ಣೊಪ್ಪಿಸುವಾಗ ದೀಪಿಕ ಅಕ್ಕನ ಮುಂಗೈ ಹಿಡಿದು, ಬಿಡದೆ, ಬಾಯಿ ತೆರೆದು ಗೋಳೋ ಎಂದು ಅತ್ತಿದ್ದು ಮೊಬೈಲಿನಲ್ಲಿ ಬಂತು. ಯಾರೋ ಪುಣ್ಯಾತ್ಮರು ಅದಕ್ಕೆ ಆಡಿನ ಕೂಗು ಜೋಡಿಸಿದರು. ನಾಲ್ಕು ದಿನದಲ್ಲಿ ಅದು ಎಲ್ಲರ ಫೋನಿನಲ್ಲಿ ಇತ್ತು. ಅವಳು ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ ಆಡು ಕೂಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಲೈಕಿಗಾಗಿ ಅವಳೇ ಹಾಕಿಕೊಂಡಿದ್ದಾಳೆ ಎಂದು ಊರು ಮಾತಾಡಿತು. ಅವಳ ಅಪ್ಪ ಸಿದ್ದರಾಮು ಅದನ್ನೇ ನಂಬಿದ. ಫೋನು ಕಿತ್ತುಕೊಂಡು, ಕಾಲೇಜು ಸಾಕು ಅಂದ. ಪರೀಕ್ಷೆಗೆ ಅರ್ಜಿ ತುಂಬಲು ಇನ್ನು ಒಂದು ತಿಂಗಳೂ ಇರಲಿಲ್ಲ.

ನಾನು ಇದನ್ನೆಲ್ಲ ಹೇಳುತ್ತಿದ್ದರೆ ಶಶಿಧರ್ ಕ್ಯಾಸೆಟ್ಟಿನ ಡಬ್ಬಿಯನ್ನು ತೆರೆಯುತ್ತ ಮುಚ್ಚುತ್ತ ಕೂತಿದ್ದ.

‘ಅದು ನಾನೇ ಆಕಿದ್ದು ಮೇಡಂ’ ಎಂದ.

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಆ ಮದುವೆಯ ವಿಡಿಯೋ ತೆಗೆದವನು ಅವನೇ. ಈಗಿನವರು ಸ್ಟುಡಿಯೋ ಆರಿಸುವುದು ಮೊಬೈಲು ನೋಡಿ. ಅದಕ್ಕೇ ಮೊದಲ ಸಲ ಅವನೂ ಒಂದು ತುಣುಕು ಹಾಕಿದ್ದ. ಯಾವುದು ಹಾಕುವುದು ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅಂಥ ಅಳು ಅವನ ಕ್ಯಾಮರಾಕ್ಕೆ ಸಿಕ್ಕಿರಲಿಲ್ಲ. ‘ಎಷ್ಟು ಚೆನ್ನಾಗಿ ಬಂದದೆ ಅಂತ ಕುಸಿಯಾಗಿ ಆಕ್ಬುಟ್ಟೆ. ಕೆಳ್ಗೆ ನನ್ ಸ್ಟುಡಿಯೋ ಎಸ್ರಿತ್ತು. ಯಾರೋ ಎಸ್ರು ಕತ್ರಿಸಿ, ಆಡಿನ ಸೌಂಡ್ ಆಕವ್ರೆ. ಮಾರ್ನೇ ದಿನ್ವೇ ನಂದು ತೆಗ್ದೆ. ಅಷ್ಟೊತ್ಗೆ ಓಗೋಗಿತ್ತು.’

‘ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆಯಲ್ಲ?’

‘ಎಸ್ರು ಕತ್ರಿಸಿದ್ರಲ್ಲ, ಬಚಾವಾದೆ ಅನ್ಕೊಂಡೆ.’

ನನಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆ ಎಂದು ನೋಡುವವಳಲ್ಲ. ಬೀದಿಗೆ ಕೇಳುವ ಹಾಗೆ ಬೈದೆ. ಪಕ್ಕದ ಬೇಕರಿಯವರು ಬಗ್ಗಿ ನೋಡಿದರು. ಅವನು ಎಲ್ಲ ಕೇಳಿಸಿಕೊಂಡು ಅಂಗಡಿಯ ಷಟರ್ ಎಳೆದ. ‘ನಡೀರಿ ಬೆಸಗರಳ್ಳಿಗೆ’ ಎಂದ. ನನ್ನ ಬೈಗುಳ ಅರ್ಧದಲ್ಲೇ ನಿಂತಿತು.

ಬಸ್ಸು ಹಿಡಿದು ಹೋದೆವು. ಸಿದ್ದರಾಮುವಿನ ಮನೆಯ ಜಗಲಿಯಲ್ಲಿ ಅವನ ತಾಯಿ ಹೊಂಬಾಳಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಮ್ಮನ್ನು ಕಂಡು ದೀಪಿಕ ಒಳಗಿನ ಬಾಗಿಲಿಗೆ ಒರಗಿ ನಿಂತಳು. ಮೂರು ವಾರದಲ್ಲಿ ಹುಡುಗಿ ಸೊರಗಿದ್ದಳು. ಶಶಿಧರ್ ಕೂರಲೂ ಇಲ್ಲ, ನಿಂತಲ್ಲೇ ಹೇಳಿಬಿಟ್ಟ. ಹೊಂಬಾಳಮ್ಮನವರ ಕೈ ನಿಂತಿತು.

‘ನನ್ ಮೊಮ್ಮಗ್ಳು ಅತ್ತಿದ್ದು ಅವ್ಳಕ್ಕುಂಗೆ ಕನಪ್ಪ. ನಿನ್ ಅಂಗ್ಡಿಗಲ್ಲ’ ಎಂದರು.

ಪಕ್ಕದಲ್ಲೇ ಕೂತಿದ್ದ ಸಿದ್ದರಾಮು ಮಗಳ ಕಡೆ ನೋಡಲಿಲ್ಲ. ತಾನು ಅವಳ ಮಾತು ನಂಬಲಿಲ್ಲ ಎಂಬುದು ಅವನಿಗೂ ಚುಚ್ಚಿರಬೇಕು. ಅದನ್ನು ಶಶಿಧರನ ಮೇಲೆ ತೀರಿಸಿಕೊಂಡ. ‘ಇಲ್ ಬಂದು ಗುಟ್ಟಾಗಿ ಏಳುದ್ರೆ ಏನ್ ಬಂತ್ಲಾ ಶಶಿ? ನಾಳಿಕೂ ಬಸ್ಸಲ್ಲಿ ಇವ್ಳನ್ನೇ ಅಲ್ವಾ ಆಡ್ಕಳದು? ನಾಕ್ ಜನದ್ ಮುಂದೆ ಏಳು, ಆಮೇಕೆ ಕಳಿಸ್ತೀನಿ ಕಾಲೇಜ್ಗೆ.’

‘ಅರಳಿಕಟ್ಟೆ ಮುಂದೆ ಏಳ್ತೀನಿ ಬುಡಣ್ಣ’ ಎಂದ ಶಶಿಧರ್.

‘ಬ್ಯಾಡ’ ಎಂದಳು ದೀಪಿಕ. ‘ಅರಳಿಕಟ್ಟೇಲಿ ಏಳುದ್ರೆ ಅರಳಿಕಟ್ಟೇಲೇ ಇರ್ತದೆ. ಆ ವಿಡಿಯೋ ಎಲ್ಲೆಲ್ಲಿಗೆ ಓಗ್ಯದೋ ಇದೂ ಅಲ್ಲಿಗೆಲ್ಲ ಓಗ್ಬೇಕು. ಸಿನಿಮಾ ಮಾಡಣ ಅಣ್ಣ. ಕ್ಯಾಮರಾ ನಾನ್ ಇಡ್ಕತೀನಿ. ಅದ್ರ್ ಮುಂದೆ ನೀವ್ ಕೂತ್ಕಳಿ.’

ಸಾವಿರಾರು ಮದುವೆ ತೆಗೆದ ಶಶಿಧರನ ಮನೆಯಲ್ಲಿ ಅವನದೇ ಒಂದು ನೆಟ್ಟಗಿನ ಫೋಟೊ ಇಲ್ಲ. ಅವನ ಸ್ವಂತ ಮದುವೆಯಲ್ಲೂ ಅರ್ಧಕ್ಕೆ ಎದ್ದು, ಬಾಸಿಂಗ ಕಟ್ಟಿಕೊಂಡೇ ಕ್ಯಾಮರಾ ಸರಿ ಮಾಡಲು ಹೋಗಿದ್ದವನು. ಅದಕ್ಕಿಂತ ಹೆಚ್ಚಾಗಿ, ಕೇಳದೆ ಹೆಣ್ಣುಮಗುವಿನ ಅಳು ಹಾಕಿದವನು ತಾನೇ ಎಂದು ಸಿನಿಮಾದಲ್ಲಿ ಹೇಳಿದ ಮೇಲೆ ಯಾರು ತಮ್ಮ ಮನೆಯ ಮದುವೆಗೆ ಕರೆಯುತ್ತಾರೆ? ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಇಷ್ಟೂ ಅವನ ಮುಖದಲ್ಲಿ ಓಡಿದ್ದನ್ನು ನಾನು ನೋಡಿದೆ. ನಾನು ಅಲ್ಲಿಯವರೆಗೆ ಬೈದಿದ್ದೇನೋ ಸರಿ, ಆ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

‘ಆಗ್ಲಿ ಕನವ್ವ’ ಎಂದ.

ಇಷ್ಟಕ್ಕೆ ಮಾತ್ರ ಸಿದ್ದರಾಮು ಮಗಳನ್ನು ಹೊರಗೆ ಕಳಿಸಿದ. ಸ್ಟುಡಿಯೋದಲ್ಲೇ ತೆಗೆದರು. ಮದುಮಕ್ಕಳನ್ನು ಕೂರಿಸುವ ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಅವನನ್ನು ಕೂರಿಸಿದಳು. ಒಗೆದ ಬಿಳಿ ಶರ್ಟು ಹಾಕಿ, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಬೆವರು ಕಿತ್ತುಕೊಂಡು ಬರುತ್ತಿತ್ತು. ಮಾತು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ. ‘ಲೈಟು ಒಸಿ ಎಡಕ್ಕೆ ಬರ್ಲಿ’, ‘ಸ್ಟ್ಯಾಂಡು ತಗ್ಗಿಸು’, ‘ಫ್ಯಾನ್ ಸದ್ದು ಬತ್ತದೆ ನೋಡು’. ದೀಪಿಕ ಕ್ಯಾಮರಾದ ಹಿಂದಿನಿಂದ ತಲೆ ಎತ್ತಿ, ‘ಅಣ್ಣ, ಲೈಟು ನಾನ್ ನೋಡ್ಕತೀನಿ. ನೀವ್ ಮಾತಾಡಿ’ ಎಂದಳು. ಮೊದಲ ದಿನ ಅವನು ಮಾತಾಡಲಿಲ್ಲ. ಎರಡನೇ ದಿನ ಹೆಸರು, ಊರು ಹೇಳಿ ನಿಲ್ಲಿಸಿದ. ಆ ಎರಡು ದಿನ ನನ್ನ ತರಗತಿಯ ಆರು ಹುಡುಗಿಯರು ಮಾತಾಡಿದರು. ಒಬ್ಬಳ ಫೋನನ್ನು ಅಣ್ಣ ದಿನಾ ತೆಗೆದು ನೋಡುತ್ತಾನೆ, ಒಬ್ಬಳ ಫೋಟೊಕ್ಕೆ ಯಾರೋ ಬೇರೆ ಮೈ ಅಂಟಿಸಿದ್ದರು, ಒಬ್ಬಳು ಹೆದರಿ ಎರಡು ವರ್ಷದಿಂದ ಫೋಟೊವನ್ನೇ ತೆಗೆಸಿಕೊಂಡಿಲ್ಲ. ಯಾರ ಮುಖವನ್ನು ತೋರಿಸಬೇಕು, ಯಾರದು ಬರೀ ಕೈ ಕಾಣಬೇಕು ಎಂದು ದೀಪಿಕ ಒಬ್ಬೊಬ್ಬರನ್ನೂ ಕೇಳಿ ತೆಗೆದಳು. ನನ್ನ ಒಂದು ಗಂಟೆಯ ಪಾಠ ನೆನೆದು ನಾಚಿಕೆಯಾಯಿತು.

ಮೂರನೇ ದಿನ ನಾನು ಇರಲಿಲ್ಲ. ಅವನು ಮಾತಾಡಿದನಂತೆ. ಏನು ಹೇಳಿದ ಎಂದು ಇಬ್ಬರೂ ಬಾಯಿ ಬಿಡಲಿಲ್ಲ.

ಅರ್ಜಿ ತುಂಬಲು ಕೊನೆಯ ದಿನಕ್ಕೆ ಎರಡು ದಿನ ಮುಂಚೆ, ಒಂದು ಭಾನುವಾರ ಮಧ್ಯಾಹ್ನ, ಬೆಸಗರಹಳ್ಳಿಯ ಮನೆಯಲ್ಲಿ ಸಿನಿಮಾ ತೋರಿಸುವುದು ಎಂದಾಯಿತು. ಶಶಿಧರ್ ಪ್ರೊಜೆಕ್ಟರನ್ನು ಟವಲಿನಲ್ಲಿ ಸುತ್ತಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದ. ಅದನ್ನು ನೋಡಿ ನನಗೆ ಲೂನಾ ನೆನಪಾಯಿತು. ನಡುಮನೆಯ ಗೋಡೆಗೆ ಪಂಚೆ ಕಟ್ಟಿ, ಬಾಗಿಲು ಮುಂದೆ ಮಾಡಿದರು. ಮಳವಳ್ಳಿಯಿಂದ ಶ್ವೇತ ಬಂದಿದ್ದಳು. ಸಿದ್ದರಾಮು ಎಲ್ಲರಿಗಿಂತ ಹಿಂದೆ, ರಾಗಿ ಮೂಟೆಗೆ ಒರಗಿ ಕೂತ.

ಪಂಚೆಯ ಮೇಲೆ ಶಶಿಧರ್ ಕೆಂಪು ಕುರ್ಚಿಯಲ್ಲಿ ಕೂತಿದ್ದ. ಅವನ ಮಾತು ಇಷ್ಟೇ: ‘ನಾನು ಕೊಪ್ಪದ ಸಸಿದರ. ಆ ಅಳು ಮೊಬೈಲಿಗೆ ಆಕಿದ್ದು ನಾನು. ಆ ಎಣ್ಮಗ ಅಲ್ಲ. ಮೊದ್ಲೆಲ್ಲ ನಾನು ಕೇಳ್ತಿದ್ದೆ. ಮನೆಗೋಗಿ, ತೋರ್ಸಿ, ಏನಾರ ತೆಗೀಬೇಕಾ ಅವ್ವಾ ಅಂತ ಕೇಳ್ತಿದ್ದೆ. ಯಾರೂ ಏಳ್ಕೊಟ್ಟಿರ್ನಿಲ್ಲ, ಕೇಳ್ಬೇಕು ಅನ್ಸದು, ಕೇಳ್ತಿದ್ದೆ. ಕ್ಯಾಸೆಟ್ ಓಗಿ ಸಿಡಿ ಬಂತು, ಸಿಡಿ ಓಗಿ ಪೆನ್‌ಡ್ರೈವ್ ಬಂತು. ಜನ ಅಂಗ್ಡಿಗೇ ಬಂದು ಇಸ್ಕೊಂಡೋಗ್ತಿದ್ರು. ಯಾವತ್ತು ಕೇಳದು ಬುಟ್ಟೆ ಅಂತ ನಂಗೇ ಗೊತ್ತಿಲ್ಲ.’ ಅಲ್ಲಿಗೆ ನಿಲ್ಲಿಸಿದ. ಕೈಯಿಂದ ಮುಖ ಮುಚ್ಚಲು ಹೋಗಿ, ಮುಚ್ಚದೆ ಕೈ ಇಳಿಸಿ, ಕ್ಯಾಮರಾದ ಕಡೆಯೇ ನೋಡುತ್ತ ಅತ್ತ. ಬಾಯಿ ತೆರೆದು, ಸದ್ದು ಮಾಡಿ, ಮದುವೆ ಮನೆಯಲ್ಲಿ ಹೆಂಗಸರು ಅಳುವ ಹಾಗೆ ಅತ್ತ. ಕ್ಯಾಮರಾದ ಹಿಂದಿದ್ದ ದೀಪಿಕಳ ಕೈ ಅಲುಗಿರಲಿಲ್ಲ.

ಸಿನಿಮಾ ಮುಗಿಯಿತು. ಸಿದ್ದರಾಮು ಎದ್ದು ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಬಂದವನು ಮಗಳ ಫೋನನ್ನು ಅವಳ ಪಕ್ಕದಲ್ಲಿ ಇಟ್ಟ. ‘ಚಾರ್ಜಿಲ್ಲ, ಆಕ್ಕೊ. ಬೆಳಿಗ್ಗೆ ಎಂಟ್ಗಂಟೆ ಬಸ್ಸಿಗೆ ನಾನೂ ಬತ್ತೀನಿ’ ಎಂದ. ದೀಪಿಕ ಫೋನು ಮುಟ್ಟಲಿಲ್ಲ. ತನ್ನ ಬ್ಯಾಗಿನಿಂದ ಒಂದು ನೋಟ್ ಪುಸ್ತಕ ತೆಗೆದಳು, ಪೆನ್ನು ತೆಗೆದಳು. ಗೋಡೆಯ ಪಕ್ಕ ಮುದುಡಿಕೊಂಡು, ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದ ಶಶಿಧರನ ಮುಂದೆ ಹೋಗಿ ಮಂಡಿಯೂರಿ ಕೂತಳು.

‘ಇನ್ನೂ ಯಾರ್ಗೂ ಕಳಿಸಿಲ್ಲ’ ಎಂದಳು. ‘ಏನಾರ ತೆಗೀಬೇಕಾ, ಅಣ್ಣ?’

ಅವನು ಸಾವಿರ ಮನೆಗಳಲ್ಲಿ ಆ ಪ್ರಶ್ನೆ ಕೇಳಿದ್ದ, ಅವನನ್ನು ಯಾರೂ ಕೇಳಿರಲಿಲ್ಲ. ತೆಗಿ ಅಂದಿದ್ದರೆ ಅವಳು ತೆಗೆಯುತ್ತಿದ್ದಳು, ನನಗೆ ಅನುಮಾನವಿಲ್ಲ. ಅವನು ಹೊಂಬಾಳಮ್ಮನವರನ್ನು ನೋಡಿದ, ನನ್ನನ್ನು ನೋಡಿದ, ಕಟ್ಟಿದ್ದ ಖಾಲಿ ಪಂಚೆಯನ್ನು ನೋಡಿದ.

‘ಅಳು ಇರ್ಲಿ ಬುಡವ್ವ’ ಎಂದ. ‘ಕೆಳ್ಗೆ ನನ್ನೆಸ್ರು ಸಣ್ಣದಾಯ್ತು. ಯಾರೂ ಕತ್ರಿಸ್ದಂಗೆ, ನಡೂಮಧ್ಯದಲ್ಲಿ ದೊಡ್ಡದಾಗಿ ಆಕು.’

ದೀಪಿಕ ಅದನ್ನು ಬರೆದುಕೊಂಡಳು.